‘ಬಹುದು’ ಸಾಲದು
2020ರ ಮಾರ್ಚ್ 24, ರಾತ್ರಿ 8 ಗಂಟೆ. 21 ದಿನ ಮನೆ ಬಿಟ್ಟು ಬರಬೇಡಿ ಅಂದ್ರು ಪ್ರಧಾನಿ. ಸ್ಟುಡಿಯೋದಲ್ಲಿ ಕೂತು ನಾನೂ ಅದನ್ನೇ ಹೇಳಿದೆ. ಒಂದು ಪ್ರಶ್ನೆ ಮಾತ್ರ ಹೊಳೆಯಲಿಲ್ಲ: ಬಾಲಮಂದಿರದಲ್ಲಿ ಬೆಳೆದು ಅದೇ ವಾರ 18 ತುಂಬಿದ ಹುಡುಗನಿಗೆ ಮನೆ ಯಾವುದು?

ಕಾನೂನು ಇವರನ್ನು ಮರೆತಿಲ್ಲ. 2015ರ ಬಾಲನ್ಯಾಯ ಕಾಯ್ದೆಯಲ್ಲಿ 21 ವರ್ಷದವರೆಗೆ ಆಫ್ಟರ್‌ಕೇರ್ ಇದೆ. ಆದರೆ ಸೆಕ್ಷನ್ 46 ಓದಿ. ಹೊರಗೆ ಹೋಗುವವರಿಗೆ ಹಣದ ನೆರವು ‘ನೀಡಬಹುದು’ ಅನ್ನುತ್ತೆ. ‘ನೀಡಬೇಕು’ ಅಲ್ಲ.

ಅಮೆರಿಕ ಏನು ಮಾಡಿತು? 2020ರ ಡಿಸೆಂಬರ್‌ನಲ್ಲಿ ಕಾನೂನು ತಂದಿತು. ವಯಸ್ಸು ಮೀರಿತು ಅನ್ನೋ ಒಂದೇ ಕಾರಣಕ್ಕೆ 2021ರ ಸೆಪ್ಟೆಂಬರ್ ಮುಗಿಯುವವರೆಗೆ ಯಾರನ್ನೂ ಫಾಸ್ಟರ್ ಕೇರ್‌ನಿಂದ ಹೊರಗೆ ಕಳಿಸಕೂಡದು. ಜೊತೆಗೆ, ಇಂಥ ಯುವಜನರಿಗಾಗಿ 40 ಕೋಟಿ ಡಾಲರ್ ಹೆಚ್ಚುವರಿ ಹಣ.

ನಮ್ಮಲ್ಲಿ 2021ರ ಮೇ ತಿಂಗಳಲ್ಲಿ ಪಿಎಂ ಕೇರ್ಸ್ ಮಕ್ಕಳ ಯೋಜನೆ ಬಂತು. 23 ತುಂಬಿದಾಗ 10 ಲಕ್ಷ ರೂಪಾಯಿ. ಒಳ್ಳೆಯದೇ. ಆದರೆ ಅದು ಕೋವಿಡ್ ಕಾಲದಲ್ಲಿ ಹೆತ್ತವರನ್ನು ಕಳೆದುಕೊಂಡವರಿಗೆ. ಅದಕ್ಕೂ ಮೊದಲೇ ಅನಾಥರಾಗಿದ್ದವರಿಗಲ್ಲ.

ಕಾಂಕ್ರೀಟ್ ಗಟ್ಟಿಯಾಗೋ ಮುಂಚೆ ಸೆಂಟ್ರಿಂಗ್ ಬಿಚ್ಚಬಾರದು. ಎಂಜಿನಿಯರಿಂಗ್ ಓದಿದವರಿಗಷ್ಟೇ ಅಲ್ಲ, ಮೇಸ್ತ್ರಿಗೂ ಇದು ಗೊತ್ತು. ಮುಂದಿನ ಪಿಡುಗು ಬರುವ ಮುಂಚೆ ಆ ‘ಬಹುದು’ ‘ಲೇಬೇಕು’ ಆಗಲಿ.