ಆರಿಸಿಕೊಂಡ ಜನಾಂಗ: ಹಿರಿಮೆಯೋ, ಹೊಣೆಯೋ?

‘ದೇವರು ಆರಿಸಿಕೊಂಡ ಜನಾಂಗ’ ಎಂಬ ಮಾತು ನಮ್ಮ ಪೂಜಾವಿಧಿಯಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಆದರೆ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಯೊಂದರಲ್ಲಿ ಪ್ರಬೋಧನೆಗೆ ನಿಲ್ಲುವ ಗುರುವಿಗೆ ಈ ಮಾತು ಸುಲಭವಾದುದಲ್ಲ. ಹುಟ್ಟಿನಿಂದಲೇ ಕೆಲವರು ಮೇಲು, ಕೆಲವರು ಕೀಳು ಎಂಬ ಎಣಿಕೆ ಊರು-ಕೇರಿಗಳ ನಡುವಿನ ಗಡಿಯಲ್ಲಿಯೇ ಕಾಣುವ ಸೀಮೆಯಿದು. ಹನ್ನೆರಡನೆಯ ಶತಮಾನದ ಶರಣರು ಆ ಎಣಿಕೆಯನ್ನು ಪ್ರಶ್ನಿಸಿದ ನೆನಪೂ ಇಲ್ಲಿ ಜೀವಂತವಾಗಿದೆ. ಹೀಗಿರುವಾಗ, ದೇವರೂ ಜಾತಿ ನೋಡುತ್ತಾರೆಯೇ ಎಂಬ ಸಂಶಯ ಕೇಳುಗನಲ್ಲಿ ಏಳುವುದು ಸಹಜ. ಈ ಸಂಶಯಕ್ಕೆ ದೈವಶಾಸ್ತ್ರವು ಕೊಡುವ ಉತ್ತರವನ್ನು ಇಲ್ಲಿ ಪರಿಶೀಲಿಸೋಣ.

ಪವಿತ್ರ ಗ್ರಂಥದ ಸಾಕ್ಷ್ಯ

ಅಬ್ರಹಾಮನ ಕರೆಯಲ್ಲಿಯೇ ಆಯ್ಕೆಯ ಗುರಿ ಸ್ಪಷ್ಟವಾಗಿದೆ: ಅವನ ಮೂಲಕ ಭೂಮಿಯ ಕುಲಗಳೆಲ್ಲವೂ ಆಶೀರ್ವಾದ ಹೊಂದಬೇಕು (ಆದಿಕಾಂಡ 12:3). ಆಯ್ಕೆಯ ಕಾರಣವನ್ನು ಧರ್ಮೋಪದೇಶಕಾಂಡ 7:7-8 ತಿಳಿಸುತ್ತದೆ. ಇಸ್ರಯೇಲರು ಸಂಖ್ಯೆಯಲ್ಲಿ ದೊಡ್ಡವರಾಗಿದ್ದರೆಂದಲ್ಲ, ಅವರು ಎಲ್ಲರಿಗಿಂತ ಅಲ್ಪರು. ದೇವರ ಪ್ರೀತಿ ಮತ್ತು ಪಿತೃಗಳಿಗೆ ಅವರು ಕೊಟ್ಟ ಮಾತೇ ಆಯ್ಕೆಗೆ ಕಾರಣ. ಪ್ರವಾದಿ ಆಮೋಸನು ಇನ್ನೂ ಮುಂದೆ ಹೋಗುತ್ತಾನೆ. ಆಯ್ಕೆಯಾದವರಿಂದಲೇ ದೇವರು ಹೆಚ್ಚಿನ ಲೆಕ್ಕ ಕೇಳುತ್ತಾರೆ (3:2). ಇಸ್ರಯೇಲರನ್ನು ಈಜಿಪ್ಟಿನಿಂದ ಕರೆತಂದ ದೇವರೇ ಫಿಲಿಷ್ಟಿಯರನ್ನೂ ಅರಾಮ್ಯರನ್ನೂ ನಡೆಸಿದವರು (9:7).

ನಮ್ಮ ಜನರಿಗೆ ಇದನ್ನು ವಿವರಿಸಲು ಹತ್ತಿರದ ನಿದರ್ಶನವೊಂದಿದೆ. ಸಂವಿಧಾನದ 371(ಜೆ) ವಿಧಿಯು ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ನೀಡಿರುವುದು ಈ ಭಾಗದವರು ಇತರರಿಗಿಂತ ಶ್ರೇಷ್ಠರೆಂದಲ್ಲ, ಹಿಂದುಳಿದವರೆಂದು. ವಿಶೇಷ ಸ್ಥಾನವೆಂದರೆ ಶ್ರೇಷ್ಠತೆಯ ಪ್ರಮಾಣಪತ್ರವಲ್ಲ. ಆದರೆ ಈ ಹೋಲಿಕೆಗೂ ಮಿತಿಯುಂಟು: ದೇವರ ಆಯ್ಕೆ ಕೇವಲ ಪರಿಹಾರವಲ್ಲ, ಅದು ಪ್ರೀತಿ ಮತ್ತು ಪ್ರೇಷಣ.

ಆದರೂ ಆಯ್ಕೆಯು ವಂಶದ ಮೂಲಕ ಸಾಗಿತಲ್ಲವೇ ಎಂಬ ಆಕ್ಷೇಪ ಉಳಿಯುತ್ತದೆ. ಇದನ್ನು ಅಲ್ಲಗಳೆಯಲಾಗದು. ದೇವರು ಮಾನವ ಇತಿಹಾಸದೊಳಗೆ, ನಿರ್ದಿಷ್ಟ ಜನರೊಡನೆ ವ್ಯವಹರಿಸುತ್ತಾರೆ. ಆದರೆ ಅದೇ ಗ್ರಂಥವು ಹುಟ್ಟಿನ ಹಕ್ಕನ್ನು ಪದೇ ಪದೇ ಮುರಿಯುತ್ತದೆ: ಹಿರಿಯ ಏಸಾವನ ಬದಲು ಕಿರಿಯ ಯಕೋಬನು ಆಯ್ಕೆಯಾಗುತ್ತಾನೆ, ಮೋವಾಬಿನ ಪರಕೀಯಳಾದ ರೂತಳು ದಾವೀದನ ವಂಶಮಾತೆಯಾಗುತ್ತಾಳೆ.

ಇತಿಹಾಸದಲ್ಲಿ ನಡೆದ ತಪ್ಪು

ಎರಡನೆಯ ಶತಮಾನದಲ್ಲಿ ಮಾರ್ಸಿಯನನು ಹಳೆಯ ಒಡಂಬಡಿಕೆಯನ್ನೇ ತಿರಸ್ಕರಿಸಿದಾಗ ಧರ್ಮಸಭೆ ಅವನ ಬೋಧನೆಯನ್ನು ತಳ್ಳಿಹಾಕಿತು. ಆದರೆ ಅದೇ ಕಾಲದ ಸಂತ ಜಸ್ಟಿನನು ಕ್ರೈಸ್ತರೇ ನಿಜವಾದ ಇಸ್ರಯೇಲರೆಂದು ವಾದಿಸಿದನು. ಇಸ್ರಯೇಲಿನ ಸ್ಥಾನವನ್ನು ಧರ್ಮಸಭೆಯು ಕಸಿದುಕೊಂಡಿತೆಂಬ ‘ಸ್ಥಾನಪಲ್ಲಟ’ದ ವಿಚಾರ ಬೇರೂರಿತು. ಯೆಹೂದ್ಯರನ್ನು ಕೊಲ್ಲಬಾರದೆಂದು ಸಂತ ಅಗಸ್ಟೀನನು ಬೋಧಿಸಿದರೂ, ಚದುರಿದ ಸಾಕ್ಷಿಗಳಾಗಿ ಮಾತ್ರ ಅವರನ್ನು ಕಂಡನು. ಯೂರೋಪಿನಲ್ಲಿ ಯೆಹೂದ್ಯರ ಮೇಲಿನ ದ್ವೇಷಕ್ಕೆ ಇಂಥ ಬೋಧನೆ ನೆಲ ಹದಗೊಳಿಸಿತೆಂಬುದನ್ನು ನಾವು ನಾಚಿಕೆಯಿಂದ ಒಪ್ಪಬೇಕು.

ಪ್ರೊಟೆಸ್ಟೆಂಟ್ ಪರಂಪರೆಯಲ್ಲಿ ಕ್ಯಾಲ್ವಿನನು ಆಯ್ಕೆಯನ್ನು ವ್ಯಕ್ತಿಗಳ ಪೂರ್ವನೇಮಕವಾಗಿ ವಿವರಿಸಿದನು. ಕಾರ್ಲ್ ಬಾರ್ತ್ 1942ರಲ್ಲಿ ಅದನ್ನು ತಿದ್ದಿ, ಆರಿಸುವ ದೇವರೂ ಆಯ್ಕೆಯಾದ ಮಾನವನೂ ಕ್ರಿಸ್ತನೇ ಎಂದನು. ಕಥೋಲಿಕ ಧರ್ಮಸಭೆಯಲ್ಲಿ ನಿರ್ಣಾಯಕ ತಿರುವು ಬಂದುದು 1965ರ ಅಕ್ಟೋಬರ್ 28ರಂದು ಪ್ರಕಟವಾದ ‘ನೋಸ್ತ್ರ ಎತಾತೆ’ಯಿಂದ. ಯೆಹೂದ್ಯರನ್ನು ದೇವರಿಂದ ತಿರಸ್ಕೃತರೆಂದೋ ಶಪಿತರೆಂದೋ ಚಿತ್ರಿಸಬಾರದೆಂದು ಅದರ 4ನೆಯ ವಿಭಾಗ ಬೋಧಿಸಿತು. 1980ರಲ್ಲಿ ಮೈನ್ಜ್ ನಗರದಲ್ಲಿ ಎರಡನೆಯ ಜಾನ್ ಪೌಲರು, ಆ ಒಡಂಬಡಿಕೆಯನ್ನು ದೇವರು ಎಂದೂ ರದ್ದುಮಾಡಿಲ್ಲವೆಂದರು. 2015ರ ವ್ಯಾಟಿಕನ್ ದಸ್ತಾವೇಜು ಎರಡು ಸಮಾನಾಂತರ ರಕ್ಷಣಾಮಾರ್ಗಗಳಿಲ್ಲವೆನ್ನುತ್ತದೆ. ಯೆಹೂದ್ಯರು ದೇವರ ರಕ್ಷಣೆಯಲ್ಲಿ ಪಾಲುಗಾರರೆಂಬುದನ್ನೂ ಒಪ್ಪುತ್ತದೆ. ಇವೆರಡೂ ಹೇಗೆ ಕೂಡುತ್ತವೆಂಬುದನ್ನು ದೇವರ ರಹಸ್ಯಕ್ಕೆ ಬಿಡುತ್ತದೆ.

ಕಸಿಯ ಕೊಂಬೆ

ಈ ಬೋಧನೆಯ ಬೇರು ರೋಮನರಿಗೆ 11ನೆಯ ಅಧ್ಯಾಯದಲ್ಲಿದೆ. ತೋಟಗಾರನು ಕಾಡುಗಿಡದ ಬುಡಕ್ಕೆ ಒಳ್ಳೆಯ ತಳಿಯ ಕೊಂಬೆಯನ್ನು ಕಸಿಮಾಡುವುದು ಲೋಕರೂಢಿ. ಪೌಲನ ಚಿತ್ರದಲ್ಲಿ ಅದು ತಿರುಗುಮುರುಗು: ಒಳ್ಳೆಯ ಓಲಿವ್ ಮರಕ್ಕೆ ಕಾಡು ಕೊಂಬೆಯನ್ನು ಸೇರಿಸಲಾಗಿದೆ, ಇದು ಸ್ವಭಾವಕ್ಕೆ ವಿರುದ್ಧವೆಂದು ಅವನೇ ಹೇಳುತ್ತಾನೆ. ಆ ಕಾಡು ಕೊಂಬೆ ನಾವೇ. ಬೇರು ನಮ್ಮನ್ನು ಹೊತ್ತಿದೆ; ನಾವು ಬೇರನ್ನು ಹೊತ್ತಿಲ್ಲ.

ನಮ್ಮ ಪಾಲನಾಸೇವೆಗೆ

ನಮ್ಮ ವಿಶ್ವಾಸಿಗಳಲ್ಲಿ ಅನೇಕರು ದಲಿತ ಮೂಲದವರು. 1950ರ ಪರಿಶಿಷ್ಟ ಜಾತಿಗಳ ಆದೇಶದ ಮೂರನೆಯ ಕಂಡಿಕೆ ಕ್ರೈಸ್ತರಾದ ದಲಿತರನ್ನು ಪಟ್ಟಿಯಿಂದ ಹೊರಗಿಟ್ಟಿದೆ. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ದೊರೆತ ತಿದ್ದುಪಡಿ ಅವರಿಗೆ ದೊರೆತಿಲ್ಲ. ಕೇರಿಯಲ್ಲಿ ಜಾತಿ ಬಿಡಲಿಲ್ಲ, ಕಾಗದದಲ್ಲಿ ಗುರುತು ಉಳಿಯಲಿಲ್ಲ. ಇಂಥವರ ಕಿವಿಗೆ, ಹಿಂದೆ ಜನಾಂಗವೇ ಅಲ್ಲದಿದ್ದವರು ಈಗ ದೇವಜನರು ಎಂಬ 1 ಪೇತ್ರ 2:10ರ ಅರ್ಥ ಬೀಳುವಾಗ, ಅದು ಅಹಂಕಾರದ ಮಾತಲ್ಲ, ಮರಳಿ ಪಡೆದ ಮರ್ಯಾದೆ.

ಆದುದರಿಂದ ಪ್ರಬೋಧಕನು ಮೂರು ವಿಷಯಗಳಲ್ಲಿ ಎಚ್ಚರವಹಿಸಬೇಕು. ದ್ರಾಕ್ಷಿತೋಟದ ಸಾಮತಿಯನ್ನು (ಮತ್ತಾಯ 21:33-46) ವಿವರಿಸುವಾಗ, ಯೇಸು ಗದರಿಸಿದ್ದು ಮುಖ್ಯಯಾಜಕರನ್ನು ಮತ್ತು ಫರಿಸಾಯರನ್ನೇ ಹೊರತು ಇಡೀ ಯೆಹೂದ್ಯ ಜನಾಂಗವನ್ನಲ್ಲವೆಂದು ತಿಳಿಸಬೇಕು. ಇಸ್ರಯೇಲಿನ ಆಯ್ಕೆಯನ್ನು ಇಂದಿನ ಯಾವುದೇ ಸರ್ಕಾರದ ನೀತಿಗೆ ದೈವಿಕ ಮುದ್ರೆಯಾಗಿ ಬಳಸಬಾರದು. ಎಲ್ಲಕ್ಕಿಂತ ಮಿಗಿಲಾಗಿ, ದೇವಾಲಯದ ಆಸನದಲ್ಲಾಗಲಿ ಸ್ಮಶಾನದಲ್ಲಾಗಲಿ ಭೇದವನ್ನು ಉಳಿಸಿಕೊಂಡು ನಾವು ದೇವಜನರೆಂದು ಹೇಳಿಕೊಳ್ಳಬಾರದು.

ಜಾತಿ ಹುಟ್ಟಿನಲ್ಲಿ ಮುಚ್ಚಿಕೊಳ್ಳುತ್ತದೆ. ಆಯ್ಕೆ ಕೃಪೆಯಿಂದ ತೊಡಗಿ ಇತರರ ಕಡೆಗೆ ತೆರೆದುಕೊಳ್ಳುತ್ತದೆ. ದೇವರು ಜಾತಿ ನೋಡುತ್ತಾರೆಯೇ ಎಂದು ಕೇಳುವವನಿಗೆ ಈ ಉತ್ತರ ಸಾಕು. ಆದರೆ ಅವನು ಅದನ್ನು ನಮ್ಮ ಪ್ರಬೋಧನೆಯಲ್ಲಿ ಕೇಳುವ ಮೊದಲು ನಮ್ಮ ಸಭೆಯ ನಡೆಯಲ್ಲಿ ಕಾಣಬೇಕು.