ಹಳೆಯ ಕಾರಿನ ಹೀಟರ್ ಕೋರ್: ಬದಲಾಯಿಸುವ ಕ್ರಮ ಮತ್ತು ಬಿಡಿಭಾಗ ತಯಾರಕರು ಗಮನಿಸಬೇಕಾದ ಅಂಶಗಳು

ಶೀತಪ್ರದೇಶದ ದೇಶಗಳಲ್ಲಿ ಕಾರಿನೊಳಗೆ ಬಿಸಿಗಾಳಿ ಬೀಸುವ ವ್ಯವಸ್ಥೆಯು ಕೇವಲ ಸೌಕರ್ಯವಲ್ಲ. ಮುಂಭಾಗದ ಗಾಜಿಗೆ ಕಟ್ಟುವ ಮಂಜನ್ನು ಕರಗಿಸಿ ಚಾಲಕನಿಗೆ ದಾರಿ ಕಾಣುವಂತೆ ಮಾಡುವುದೂ ಅದರ ಕೆಲಸವಾಗಿದೆ. ಈ ವ್ಯವಸ್ಥೆಯ ಮುಖ್ಯ ಭಾಗವೇ ಹೀಟರ್ ಕೋರ್. ಬ್ರಿಟನ್ನಿನಲ್ಲಿ ಇದನ್ನು ಹೀಟರ್ ಮ್ಯಾಟ್ರಿಕ್ಸ್ ಎಂದು ಕರೆಯುವುದೂ ಉಂಟು. ನಮ್ಮ ಹವಾಮಾನದಲ್ಲಿ ಇದರ ಬಳಕೆ ವಿರಳವಾದರೂ, ಹಳೆಯ ಕಾರುಗಳ ಬಿಡಿಭಾಗಗಳನ್ನು ತಯಾರಿಸುವ ಅಥವಾ ರಫ್ತು ಮಾಡುವ ಸಣ್ಣ ಉದ್ಯಮಿಗಳು ತಿಳಿದಿರಬೇಕಾದ ವಸ್ತುವಿದು. ಭಾಗದ ಬೆಲೆ ಕಡಿಮೆ, ಅದನ್ನು ಬದಲಾಯಿಸುವ ಶ್ರಮ ಬಹಳ ಹೆಚ್ಚು. ಈ ಅಂತರವೇ ತಯಾರಕನ ಹೊಣೆಯನ್ನು ಹೆಚ್ಚಿಸುತ್ತದೆ.

ರಚನೆ ಮತ್ತು ಕಾರ್ಯವಿಧಾನ

ಹೀಟರ್ ಕೋರ್ ಎಂದರೆ ಒಂದು ಪುಟ್ಟ ರೇಡಿಯೇಟರ್. ಎಂಜಿನನ್ನು ತಂಪುಗೊಳಿಸಿ ಬಿಸಿಯಾದ ನೀರು ಸುಮಾರು 80ರಿಂದ 90 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಕವಾಟದ ಮೂಲಕ ಕೋರ್‌ನೊಳಗೆ ಹರಿದು, ಇನ್ನೊಂದು ಕೊಳವೆಯಿಂದ ಹಿಂದಿರುಗುತ್ತದೆ. ಕೋರ್‌ನ ತೆಳು ರೆಕ್ಕೆಗಳ ನಡುವೆ ಫ್ಯಾನ್ ಗಾಳಿಯನ್ನು ತಳ್ಳಿದಾಗ ಆ ಗಾಳಿ ಬಿಸಿಯಾಗಿ ಕಾರಿನ ಒಳಭಾಗವನ್ನೂ ಗಾಜನ್ನೂ ತಲುಪುತ್ತದೆ. ಇದಕ್ಕಾಗಿ ಪ್ರತ್ಯೇಕ ಇಂಧನ ಸುಡುವುದಿಲ್ಲ. ವ್ಯರ್ಥವಾಗಿ ಹೋಗುವ ಶಾಖವೇ ಉಪಯೋಗಕ್ಕೆ ಬರುತ್ತದೆ.

ಹಳೆಯ ಕೋರ್‌ಗಳಲ್ಲಿ ನೀರು ಹರಿಯುವ ಕೊಳವೆಗಳು ಮತ್ತು ಎರಡು ತುದಿಯ ತೊಟ್ಟಿಗಳು ಹಿತ್ತಾಳೆಯವು, ರೆಕ್ಕೆಗಳು ತಾಮ್ರದವು, ಬೆಸುಗೆ ಸೀಸ ಮತ್ತು ತವರದ ಮಿಶ್ರಣದ್ದು. ತಾಮ್ರದ ಶಾಖವಾಹಕತೆ ಅಲ್ಯೂಮಿನಿಯಂಗಿಂತ ಬಹಳ ಹೆಚ್ಚು. ತಾಮ್ರ-ಹಿತ್ತಾಳೆಯ ಕೋರ್‌ಗೆ ಇನ್ನೊಂದು ಗುಣವಿದೆ: ಅದನ್ನು ಬಿಚ್ಚಿ, ಮೂಲ ತೊಟ್ಟಿಗಳನ್ನೂ ಕೊಳವೆ ಮೂತಿಗಳನ್ನೂ ಉಳಿಸಿಕೊಂಡು, ನಡುವಿನ ಜಾಲವನ್ನು ಮಾತ್ರ ಹೊಸದಾಗಿ ಕೂರಿಸಬಹುದು. ಪ್ಲಾಸ್ಟಿಕ್ ತೊಟ್ಟಿಯುಳ್ಳ ಇಂದಿನ ಅಲ್ಯೂಮಿನಿಯಂ ಕೋರ್‌ಗಳು ಕೆಟ್ಟರೆ ಸಾಮಾನ್ಯವಾಗಿ ಪೂರ್ತಿ ಬದಲಾಯಿಸಬೇಕಾಗುತ್ತದೆ.

ಕೆಡಲು ಕಾರಣಗಳು

ನೀರಿಗೆ ಬೆರೆಸುವ ಆ್ಯಂಟಿಫ್ರೀಜ್ ದ್ರವವು ಹೆಪ್ಪುಗಟ್ಟುವುದನ್ನು ತಡೆಯುವುದರ ಜೊತೆಗೆ ತುಕ್ಕನ್ನೂ ತಡೆಯುತ್ತದೆ. ಕಾಲಕ್ರಮದಲ್ಲಿ ಅದರಲ್ಲಿರುವ ತುಕ್ಕುನಿರೋಧಕ ರಾಸಾಯನಿಕಗಳ ಶಕ್ತಿ ಕುಂದುತ್ತದೆ. ಆಗ ಎಂಜಿನಿನ ಎರಕದ ಕಬ್ಬಿಣ, ಕೋರ್‌ನ ತಾಮ್ರ, ಬೆಸುಗೆಯ ಸೀಸ ಇವೆಲ್ಲ ಒಂದೇ ದ್ರವದಲ್ಲಿ ಇರುವುದರಿಂದ ವಿದ್ಯುದ್ರಾಸಾಯನಿಕ ಸವೆತ ಆರಂಭವಾಗುತ್ತದೆ. ಗಡಸು ನೀರಿನ ಸುಣ್ಣದ ಪದರವೂ ಎಂಜಿನಿನಿಂದ ಬಂದ ತುಕ್ಕಿನ ಕೆಸರೂ ಸಣ್ಣ ಕೊಳವೆಗಳನ್ನು ಮುಚ್ಚುತ್ತವೆ. ವರ್ಷವಿಡೀ ನಿಂತೇ ಇರುವ ಪ್ರದರ್ಶನದ ಕಾರುಗಳಲ್ಲಿ ಈ ತೊಂದರೆ ಹೆಚ್ಚು.

ಆ್ಯಂಟಿಫ್ರೀಜ್‌ಗಳೂ ಎಲ್ಲವೂ ಒಂದೇ ಅಲ್ಲ. ಸಾವಯವ ಆಮ್ಲವನ್ನು ಆಧರಿಸಿದ ಹೊಸ ಬಗೆಯವುಗಳನ್ನು ಹಳೆಯ ಎಂಜಿನುಗಳಲ್ಲಿ ಬಳಸುವ ಬಗ್ಗೆ ಬ್ರಿಟನ್ನಿನ ಹಳೆಯ ವಾಹನ ಸಂಘಗಳ ಒಕ್ಕೂಟವು ಎಚ್ಚರಿಕೆ ನೀಡಿದೆ. ಸೀಸದ ಬೆಸುಗೆಯುಳ್ಳ ಹಳೆಯ ಕಾರುಗಳಿಗೆ ಸಿಲಿಕೇಟ್ ಇರುವ ಹಳೆಯ ಬಗೆಯ ದ್ರವವೇ ಸುರಕ್ಷಿತ. ಅದನ್ನು ಸುಮಾರು ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು.

ಒಂದು ಉದಾಹರಣೆ: ಎಂಜಿಬಿ

ಬ್ರಿಟನ್ನಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಎಂಜಿಬಿ ಕಾರನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಐದು ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾಗಿ, ಬಹುಪಾಲು ಅಮೆರಿಕಕ್ಕೆ ರಫ್ತಾದವು. ಇಂದಿಗೂ ಅಪಾರ ಸಂಖ್ಯೆಯಲ್ಲಿ ಬಳಕೆಯಲ್ಲಿರುವುದರಿಂದ ಇದರ ಬಿಡಿಭಾಗಗಳಿಗೆ ನಿರಂತರ ಬೇಡಿಕೆಯಿದೆ. ಈ ಕಾರಿನ 1798 ಸಿಸಿ ಎಂಜಿನ್ ಬಿಎಂಸಿ ಸಂಸ್ಥೆಯ ಬಿ-ಸರಣಿಗೆ ಸೇರಿದ್ದು. ನಮ್ಮ ಅಂಬಾಸಿಡರ್ ಕಾರಿನಲ್ಲಿ ದೀರ್ಘಕಾಲ ಬಳಸಲಾದ 1489 ಸಿಸಿ ಎಂಜಿನ್ ಕೂಡ ಅದೇ ಸರಣಿಯದು. ಆದ್ದರಿಂದ ನಮ್ಮ ಹಿರಿಯ ಮೆಕ್ಯಾನಿಕ್‌ಗಳಿಗೆ ಇದರ ನೀರಿನ ವ್ಯವಸ್ಥೆ ಅಪರಿಚಿತವೇನಲ್ಲ.

ದೋಷ ಪತ್ತೆ

ಒಳಗಿನ ಕಾರ್ಪೆಟ್ ಒದ್ದೆಯಾಗುವುದು, ಸಿಹಿಯಾದ ವಾಸನೆ, ಗಾಜಿನ ಒಳಮೈಯಲ್ಲಿ ಜಿಡ್ಡಿನ ಪದರ, ಹೊರಗೆ ಸೋರಿಕೆ ಕಾಣದಿದ್ದರೂ ರೇಡಿಯೇಟರ್ ನೀರು ಕಡಿಮೆಯಾಗುವುದು ಇವು ಕೋರ್ ಸೋರುತ್ತಿರುವ ಲಕ್ಷಣಗಳು. ಆದರೆ ಆತುರದ ತೀರ್ಮಾನ ಸಲ್ಲದು. ಎಂಜಿಬಿಯಲ್ಲಿ ಗಾಜಿನ ಮುಂದಿರುವ ಗಾಳಿಗೂಡಿನ ಮಳೆನೀರು ಹೊರಹೋಗುವ ಕೊಳವೆ ಕಸದಿಂದ ಕಟ್ಟಿಕೊಂಡರೂ ಕಾರ್ಪೆಟ್ ಒದ್ದೆಯಾಗುತ್ತದೆ. ಬಣ್ಣ ಮತ್ತು ವಾಸನೆಯಿಂದ ಎರಡನ್ನೂ ಬೇರ್ಪಡಿಸಿ ನೋಡಬೇಕು.

ಬಿಸಿಗಾಳಿ ಬಾರದಿದ್ದರೆ ಎಂಜಿನ್ ಕಾದ ಮೇಲೆ ಕೋರ್‌ಗೆ ಹೋಗುವ ಮತ್ತು ಬರುವ ಎರಡೂ ಹೋಸ್‌ಗಳನ್ನು ಮುಟ್ಟಿ ನೋಡುವುದು ಸರಳ ಪರೀಕ್ಷೆ. ಎರಡೂ ತಣ್ಣಗಿದ್ದರೆ ಕವಾಟ ತೆರೆದಿಲ್ಲ ಅಥವಾ ಹರಿವು ಎಲ್ಲೋ ಪೂರ್ತಿ ನಿಂತಿದೆ. ಒಂದು ಬಿಸಿಯಾಗಿದ್ದು ಇನ್ನೊಂದು ತಣ್ಣಗಿದ್ದರೆ ಕೋರ್ ಕಟ್ಟಿಕೊಂಡಿರುವ ಸಂಭವ ಹೆಚ್ಚು. ಎರಡೂ ಬಿಸಿಯಾಗಿದ್ದರೆ ದೋಷವು ಫ್ಯಾನ್ ಅಥವಾ ಗಾಳಿಯ ಬಾಗಿಲುಗಳಲ್ಲಿದೆ. ಕವಾಟವೊಂದೇ ಕೆಟ್ಟಿದ್ದರೆ ಹೀಟರ್ ಪೆಟ್ಟಿಗೆಯನ್ನು ಬಿಚ್ಚುವ ಅಗತ್ಯವೇ ಇಲ್ಲ.

ಬದಲಾಯಿಸುವ ಕ್ರಮ

1. ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಕೆಲಸ ಆರಂಭಿಸಬೇಕು. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆರೆದರೆ ಕುದಿನೀರು ಚಿಮ್ಮಿ ಸುಟ್ಟಗಾಯವಾಗುತ್ತದೆ. ಬ್ಯಾಟರಿಯ ಸಂಪರ್ಕ ತಪ್ಪಿಸಬೇಕು.

2. ನೀರನ್ನು ಪಾತ್ರೆಯೊಂದಕ್ಕೆ ಇಳಿಸಿಕೊಳ್ಳಬೇಕು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷಕಾರಿ. ರುಚಿ ಸಿಹಿಯಾಗಿರುವುದರಿಂದ ಮಕ್ಕಳು ಮತ್ತು ಸಾಕುಪ್ರಾಣಿಗಳಿಗೆ ಅಪಾಯ. ಅದನ್ನು ಚರಂಡಿಗೆ ಸುರಿಯಬಾರದು.

3. ಎಂಜಿಬಿಯ ಹೀಟರ್ ಪೆಟ್ಟಿಗೆ ಎಂಜಿನ್ ಕೋಣೆಯ ಹಿಂಭಾಗದ ಕಟ್ಟೆಯ ಮೇಲೆ ಕೂತಿರುತ್ತದೆ. ಅದರ ಎರಡೂ ಹೋಸ್‌ಗಳನ್ನೂ ಫ್ಯಾನಿನ ತಂತಿಗಳನ್ನೂ ಬೇರ್ಪಡಿಸಬೇಕು. ಹಳೆಯ ಹೋಸ್ ಅಂಟಿಕೊಂಡಿದ್ದರೆ ತಿರುಚಿ ಎಳೆಯಬಾರದು. ಉದ್ದಕ್ಕೆ ಸೀಳಿ ತೆಗೆಯಬೇಕು. ತಿರುಚಿದರೆ ಕೋರ್‌ನ ಮೂತಿಯೇ ಬೆಸುಗೆಯಿಂದ ಕಿತ್ತುಬರುತ್ತದೆ.

4. ಕಾರಿನ ಒಳಗೆ ಡ್ಯಾಶ್‌ಬೋರ್ಡಿನ ಕೆಳಗಿನಿಂದ ಗಾಳಿಯ ಕೊಳವೆಗಳನ್ನೂ ನಿಯಂತ್ರಣ ಕೇಬಲನ್ನೂ ಕಳಚಬೇಕು. ಸ್ಥಳ ಇಕ್ಕಟ್ಟಾಗಿರುವುದರಿಂದ ಹೆಚ್ಚಿನ ಸಮಯ ಹಿಡಿಯುವುದು ಇಲ್ಲಿಯೇ.

5. ಪೆಟ್ಟಿಗೆಯ ಅಂಚಿನ ಸ್ಕ್ರೂಗಳನ್ನು ತೆಗೆದರೂ ಹಳೆಯ ಸೀಲಿಂಗ್ ಪಟ್ಟಿ ಅಂಟಿನಂತೆ ಹಿಡಿದುಕೊಂಡಿರುತ್ತದೆ. ಸುತ್ತಲೂ ನಿಧಾನವಾಗಿ ಬಿಡಿಸುತ್ತ ಮೇಲೆತ್ತಬೇಕು. ಹಳೆಯ ವಾಹನಗಳ ಕೆಲವು ನಿರೋಧಕ ಪದರಗಳಲ್ಲಿ ಕಲ್ನಾರು ಇರಬಹುದಾದ್ದರಿಂದ ಒಣಗಿದ್ದಾಗ ಕೆರೆಯುವುದು, ಗಾಳಿ ಊದುವುದು ಬೇಡ.

6. ಪೆಟ್ಟಿಗೆಯನ್ನು ಬಿಡಿಸಿ ಕೋರ್ ಹೊರತೆಗೆದ ಮೇಲೆ ಒಳಗಿನ ತುಕ್ಕನ್ನು ಸ್ವಚ್ಛಗೊಳಿಸಿ ಬಣ್ಣ ಹಚ್ಚಬೇಕು. ಫ್ಯಾನ್ ಮೋಟಾರನ್ನು ಹೊರಗೇ ಪರೀಕ್ಷಿಸಬೇಕು. ಪೆಟ್ಟಿಗೆ ಮತ್ತೆ ಹೊರಬರುವುದು ಅನೇಕ ವರ್ಷಗಳ ನಂತರ ಎಂಬುದನ್ನು ಮರೆಯಬಾರದು.

7. ಹೊಸ ಕೋರ್ ಸುತ್ತ ಹೊಸ ಸ್ಪಂಜು ಪಟ್ಟಿ ಕೂರಿಸುವುದು ಕಡ್ಡಾಯ. ಅದಿಲ್ಲದಿದ್ದರೆ ಗಾಳಿ ಕೋರ್‌ನ ಮೂಲಕ ಹಾಯದೆ ಪಕ್ಕದಿಂದ ನುಸುಳಿ, ಹೊಸ ಕೋರ್ ಹಾಕಿದರೂ ಬಿಸಿಗಾಳಿ ಬರುವುದಿಲ್ಲ.

8. ಜೋಡಿಸುವ ಮುನ್ನ ಎಂಜಿನಿನ ನೀರಿನ ಮಾರ್ಗವನ್ನು ತೊಳೆಯಬೇಕು. ಇಲ್ಲವಾದರೆ ಹಳೆಯ ಕೆಸರು ಹೊಸ ಕೋರ್‌ಗೆ ಸೇರುತ್ತದೆ. ನೀರು ತುಂಬುವಾಗ ಹೀಟರ್ ಕವಾಟ ತೆರೆದಿಟ್ಟು ಸಿಕ್ಕಿಬಿದ್ದ ಗಾಳಿಯನ್ನು ಹೊರಬಿಡಬೇಕು.

ತಯಾರಕರ ದೃಷ್ಟಿಯಿಂದ ಲೆಕ್ಕಾಚಾರ

ಮೇಲಿನ ಕ್ರಮವನ್ನು ಓದಿದವರಿಗೆ ಒಂದು ಅಂಶ ಸ್ಪಷ್ಟವಾಗುತ್ತದೆ: ಕೋರ್ ಸೋರಿದರೆ ನಷ್ಟವು ಕೋರ್‌ನ ಬೆಲೆಗೆ ಸೀಮಿತವಾಗುವುದಿಲ್ಲ. ತಿಳಿವಳಿಕೆಗಾಗಿ ಒಂದು ಕಲ್ಪಿತ ಲೆಕ್ಕ ನೋಡಬಹುದು. ಕೋರ್ ತಯಾರಿಕೆಯ ವೆಚ್ಚ 3,200 ರೂಪಾಯಿ, ಮಾರಾಟ ಬೆಲೆ 4,000 ರೂಪಾಯಿ, ಅದನ್ನು ಅಳವಡಿಸುವ ಕೂಲಿ 20,000 ರೂಪಾಯಿ ಎಂದಿಟ್ಟುಕೊಳ್ಳೋಣ. ಒಂದು ಕೋರ್ ಸೋರಿ, ತಯಾರಕನು ಹೊಸ ಕೋರನ್ನೂ ಕೂಲಿಯನ್ನೂ ಭರಿಸಬೇಕಾಗಿ ಬಂದರೆ ಖರ್ಚು 23,200 ರೂಪಾಯಿ. ತಲಾ 800 ರೂಪಾಯಿ ಲಾಭದಂತೆ 29 ಕೋರ್‌ಗಳ ಲಾಭ ಒಂದೇ ದೂರಿನಲ್ಲಿ ಕರಗುತ್ತದೆ. ಪರೀಕ್ಷೆಗೆ ತಗಲುವ ಅಲ್ಪ ವೆಚ್ಚವನ್ನು ಉಳಿಸುವುದು ಹೇಗೆ ದುಬಾರಿಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ವಿವರಣೆ ಬೇಕಿಲ್ಲ.

ಆದ್ದರಿಂದ ಈ ಕ್ಷೇತ್ರಕ್ಕೆ ಇಳಿಯುವವರು ಕೆಳಗಿನ ಅಂಶಗಳನ್ನು ಗಮನಿಸುವುದು ಒಳಿತು.

ಮೊದಲನೆಯದು, ಪರೀಕ್ಷೆ. ಮಾದರಿಗೆ ಒಂದೆರಡನ್ನು ಆರಿಸಿ ಪರೀಕ್ಷಿಸಿದರೆ ಸಾಲದು. ಪ್ರತಿಯೊಂದು ಕೋರನ್ನೂ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಆ ಕಾರಿನ ರೇಡಿಯೇಟರ್ ಮುಚ್ಚಳದ ಒತ್ತಡಕ್ಕಿಂತ ಸಾಕಷ್ಟು ಹೆಚ್ಚಿನ ಗಾಳಿಯ ಒತ್ತಡದಲ್ಲಿ ಪರೀಕ್ಷಿಸಿ, ಕ್ರಮಸಂಖ್ಯೆಯೊಡನೆ ದಾಖಲಿಸಬೇಕು.

ಎರಡನೆಯದು, ಅಳತೆ. ಹಳೆಯ ಬ್ರಿಟಿಷ್ ಮತ್ತು ಅಮೆರಿಕನ್ ಕಾರುಗಳ ಅಳತೆ ಅಂಗುಲದಲ್ಲಿದೆ. ಸಮೀಪದ ಮಿಲಿಮೀಟರ್ ಅಳತೆಯ ಕೊಳವೆ ಬಳಸಿದರೆ ಹೋಸ್ ಸಡಿಲವಾಗುತ್ತದೆ. ಮೂತಿಯ ಕೋನ ಸ್ವಲ್ಪ ತಪ್ಪಿದರೂ ಪೆಟ್ಟಿಗೆಯ ರಂಧ್ರಕ್ಕೆ ಹೊಂದುವುದಿಲ್ಲ. ಸವೆದ ಹಳೆಯ ಒಂದೇ ಕೋರನ್ನು ನೋಡಿ ನಕ್ಷೆ ತಯಾರಿಸದೆ, ಹಲವು ಮಾದರಿಗಳನ್ನೂ ಸಾಧ್ಯವಾದರೆ ಪೆಟ್ಟಿಗೆಯನ್ನೂ ತರಿಸಿಕೊಂಡು ಹೋಲಿಸಬೇಕು.

ಮೂರನೆಯದು, ಸೀಸ. ಐರೋಪ್ಯ ಒಕ್ಕೂಟವು 2018ರ ಜೂನ್‌ನಲ್ಲಿ ಸೀಸವನ್ನು ತೀವ್ರ ಕಾಳಜಿಯ ವಸ್ತುಗಳ ಪಟ್ಟಿಗೆ ಸೇರಿಸಿದೆ. ವಸ್ತುವಿನಲ್ಲಿ ತೂಕದ ಶೇ. 0.1ಕ್ಕಿಂತ ಹೆಚ್ಚು ಸೀಸವಿದ್ದರೆ ಪೂರೈಕೆದಾರರು ಆ ಮಾಹಿತಿಯನ್ನು ಖರೀದಿದಾರರಿಗೆ ಒದಗಿಸಬೇಕು. ಸಾಂಪ್ರದಾಯಿಕ ಬೆಸುಗೆಯ ಕೋರ್ ಈ ಮಿತಿಯನ್ನು ಸುಲಭವಾಗಿ ಮೀರುತ್ತದೆ. ಸ್ವಂತ ಕಾರ್ಮಿಕರ ಆರೋಗ್ಯಕ್ಕಾಗಿಯೂ ಬೆಸುಗೆ ಸ್ಥಳದಲ್ಲಿ ಹೊಗೆ ಹೀರುವ ವ್ಯವಸ್ಥೆ, ಕೈತೊಳೆಯುವ ಶಿಸ್ತು ಅಗತ್ಯ.

ನಾಲ್ಕನೆಯದು, ಜೊತೆ ಸಾಮಗ್ರಿ ಮತ್ತು ಪ್ಯಾಕಿಂಗ್. ಕೋರ್ ಜೊತೆಗೆ ಸ್ಪಂಜು ಪಟ್ಟಿ, ಹೋಸ್, ಕ್ಲಿಪ್, ಒಂದು ಪುಟದ ಅಳವಡಿಕೆ ಸೂಚನೆ ಸೇರಿಸಿ ಕಿಟ್ ಆಗಿ ಮಾರಿದರೆ ಬೆಲೆಯೂ ಹೆಚ್ಚು ದೊರೆಯುತ್ತದೆ, ತಪ್ಪು ಅಳವಡಿಕೆಯ ದೂರುಗಳೂ ಕಡಿಮೆಯಾಗುತ್ತವೆ. ರೆಕ್ಕೆಗಳು ಬಾಗದಂತೆ ರಟ್ಟಿನ ಆಧಾರ, ಮೂತಿಗಳಿಗೆ ಮುಚ್ಚಳ ಹಾಕಿ ಕಳುಹಿಸಬೇಕು.

ಐದನೆಯದು, ವ್ಯಾಪಾರಮುದ್ರೆ. ಮೂಲ ಕಂಪನಿಯ ಹೆಸರು ಅಥವಾ ಲಾಂಛನವನ್ನು ಭಾಗದ ಮೇಲೆ ಅಚ್ಚೊತ್ತುವುದು ಕಾನೂನಿನ ತೊಡಕಿಗೆ ದಾರಿ. ಇಂತಹ ಕಾರಿಗೆ ಹೊಂದುವ ಭಾಗ ಎಂದು ವಿವರಣೆಯಲ್ಲಿ ಮಾತ್ರ ತಿಳಿಸಿ, ಸ್ವಂತ ಹೆಸರಿನಲ್ಲಿ ಮಾರುವುದು ಸೂಕ್ತ.

ಮಾರುಕಟ್ಟೆಯ ನೆಲೆ

ಬ್ರಿಟನ್ನಿನಲ್ಲಿ 40 ವರ್ಷ ಮೀರಿದ, ಹೆಚ್ಚಿನ ಮಾರ್ಪಾಡಿಲ್ಲದ ವಾಹನಗಳಿಗೆ 2018ರ ಮೇ ತಿಂಗಳಿನಿಂದ ವಾರ್ಷಿಕ ತಪಾಸಣೆಯಿಂದ ವಿನಾಯಿತಿ ಇದೆ. ಭಾರತದಲ್ಲಿ 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯಂತೆ, 50 ವರ್ಷ ಮೀರಿದ ಮತ್ತು ಮೂಲರೂಪದಲ್ಲಿ ಉಳಿಸಿಕೊಂಡ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳು ವಿಂಟೇಜ್ ವರ್ಗಕ್ಕೆ ಸೇರುತ್ತವೆ. ಅವುಗಳಿಗೆ 'ವಿಎ' ಅಕ್ಷರಗಳುಳ್ಳ ನೋಂದಣಿ ಸಂಖ್ಯೆ ದೊರೆಯುತ್ತದೆ. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ವಾಹನವು ಮೂಲರೂಪದಲ್ಲಿಯೇ ಇರಬೇಕೆಂಬ ಈ ನಿಯಮವು ಮೂಲಕ್ಕೆ ಹೊಂದುವ ಬಿಡಿಭಾಗಗಳ ಮಹತ್ವವನ್ನು ಹೆಚ್ಚಿಸಿದೆ.

ಒಂದೊಂದು ಮಾದರಿಗೆ ಬೇಕಾಗುವ ಸಂಖ್ಯೆ ಕಡಿಮೆಯಾದ್ದರಿಂದ ದೊಡ್ಡ ಕಾರ್ಖಾನೆಗಳು ಇತ್ತ ಗಮನ ಕೊಡುವುದಿಲ್ಲ. ಸಣ್ಣ ಘಟಕಗಳಿಗೆ ಅದೇ ಅನುಕೂಲ. ತಾಮ್ರ-ಹಿತ್ತಾಳೆಯ ಬೆಸುಗೆ ಬಲ್ಲ ರೇಡಿಯೇಟರ್ ಕೆಲಸಗಾರರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಅಲ್ಯೂಮಿನಿಯಂ ಬಂದ ಮೇಲೆ ಅವರಿಗೆ ಕೆಲಸ ಕಡಿಮೆಯಾಗಿದೆ. ಆ ಕೈಚಳಕಕ್ಕೆ ನಿಖರ ನಕ್ಷೆ, ತಪ್ಪದ ಪರೀಕ್ಷೆ ಮತ್ತು ದಾಖಲೆಗಳ ಶಿಸ್ತನ್ನು ಸೇರಿಸಿದರೆ ಅಳಿಯುತ್ತಿರುವ ಕಸುಬೊಂದು ರಫ್ತು ಉದ್ಯಮವಾಗಿ ಉಳಿಯಬಲ್ಲದು. ಆಸಕ್ತರು ಮೊದಲಿಗೆ ಒಂದೇ ಮಾದರಿಯ ಕಾರನ್ನು ಆರಿಸಿಕೊಂಡು, ಸಣ್ಣ ಪ್ರಮಾಣದಲ್ಲಿ ತಯಾರಿಸಿ, ಅಳವಡಿಸಿದವರ ಅಭಿಪ್ರಾಯ ಪಡೆದ ನಂತರವೇ ಅಚ್ಚುಗಳಿಗೆ ದೊಡ್ಡ ಬಂಡವಾಳ ಹೂಡುವುದು ಯುಕ್ತ.