ಗಿನಿಪಿಗ್ ತರುವ ಮುನ್ನ ಮನೆಯ ಸೆಖೆ ನೋಡಿ

ಗಿನಿಪಿಗ್ ನಿಮಗೆ ತಕ್ಕ ಪ್ರಾಣಿಯೇ? ಗದಗ ತಾಲ್ಲೂಕಿನ ಹರ್ತಿಯಂಥ ಊರಿನಲ್ಲಿ ಇದನ್ನು ತೀರ್ಮಾನಿಸಬೇಕಾದದ್ದು ಮಕ್ಕಳ ಆಸೆಯಲ್ಲ, ಮನೆಯ ಬೇಸಿಗೆ. ಈ ಪ್ರಾಣಿಯ ಮೂಲ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ತಂಪು. ಉಷ್ಣಾಂಶ 30 ಡಿಗ್ರಿ ಸಮೀಪಿಸಿದರೆ ಸಾಕು, ಜೀವಕ್ಕೇ ಅಪಾಯ. ನಮ್ಮ ಸೀಮೆಯಲ್ಲೋ ಏಪ್ರಿಲ್ ಹೊತ್ತಿಗೆ ಅದು 38 ದಾಟುವುದುಂಟು. "ಫ್ಯಾನ್ ಇದೆಯಲ್ಲ" ಎನ್ನಬಹುದು. ಬೆವರದ ಪ್ರಾಣಿಗೆ ಬಿಸಿಗಾಳಿ ತಿರುಗಿಸುವ ಫ್ಯಾನಿನಿಂದ ಆಗುವ ಉಪಯೋಗ ಅಲ್ಪ. ದಪ್ಪ ಗೋಡೆಯ ತಂಪು ಕೋಣೆಯಿದ್ದರಷ್ಟೇ ಮುಂದಿನ ಮಾತು.

"ಮೇವಿಗೇನು ಕೊರತೆ? ಜೋಳದ ಕಣಿಕಿ ಇದೆ" ಎಂಬ ವಾದವೂ ಬರುತ್ತದೆ. ಆದರೆ ಜೀವಮಾನವಿಡೀ ಬೆಳೆಯುವ ಹಲ್ಲು ಸವೆಯಲು, ಹೊಟ್ಟೆ ಸರಿಯಿರಲು ಅದಕ್ಕೆ ದಿನವಿಡೀ ಒಳ್ಳೆಯ ಒಣಹುಲ್ಲು ಬೇಕು. ಬರೀ ಗಟ್ಟಿ ದಂಟು ಸಾಲದು. ಮನುಷ್ಯರಂತೆ ಅದರ ದೇಹದಲ್ಲೂ ಸಿ ಜೀವಸತ್ವ ತಯಾರಾಗದು, ಹಾಗಾಗಿ ಕೊತ್ತಂಬರಿ, ದೊಣ್ಣಮೆಣಸಿನಕಾಯಿ ನಿತ್ಯ ಕೊಡಬೇಕು. ಒಂಟಿಯಾದರೆ ಕೊರಗುವುದರಿಂದ ಎರಡನ್ನು ತರಬೇಕು, ಮರಿ ಹೆಚ್ಚದಂತೆ ಒಂದೇ ಲಿಂಗದವನ್ನು. ಆಯುಸ್ಸು 5ರಿಂದ 8 ವರ್ಷ. ಮಕ್ಕಳು ಕಾಲೇಜಿಗೆಂದು ಹುಬ್ಬಳ್ಳಿ ಸೇರಿದ ಮೇಲೂ ಆರೈಕೆ ದೊಡ್ಡವರದೇ. ತಂಪು ಕೋಣೆ, ನಿತ್ಯದ ಸೊಪ್ಪು, ಹೊಣೆ ಹೊರುವ ಹಿರಿಯರು, ಈ ಮೂರೂ ಇದ್ದರೆ ಧೈರ್ಯವಾಗಿ ಸಾಕಿ. ಒಂದು ಇಲ್ಲದಿದ್ದರೂ ಈಗ ತರಬೇಡಿ.